ಮುಸುರೆ ನೀರು, ಜಗಲಿ ಗೋಡೆ

ಲಿಂಗಣ್ಣ ಮೇಸ್ತ್ರಿ ಆ ಮಾತನ್ನು ನಾನು ಒಬ್ಬಳೇ ಇದ್ದಾಗ ಬಂದು ಆಡಿದ್ದರೆ, ನಾನೂ ನಾಲ್ಕು ಮಾತು ತಿರುಗಿ ಆಡಿ ಅಲ್ಲಿಗೇ ಬಿಡುತ್ತಿದ್ದೆನೋ ಏನೋ. ಆತ ಬಂದದ್ದು ಊಟದ ಹೊತ್ತಿಗೆ, ನನ್ನ ಖಾನಾವಳಿ ತುಂಬಿದ್ದಾಗ. ಒಳಗೆ ಕಾಲಿಡಲಿಲ್ಲ, ಬಾಗಿಲಲ್ಲೇ ನಿಂತ. ರೊಟ್ಟಿ ಮುರಿಯುತ್ತಿದ್ದವರೆಲ್ಲ ಕೈ ತಡೆದು ಆತನ ಕಡೆ ನೋಡಿದರು.

"ದೇವಕಮ್ಮ, ನಿನ್ನ ಸಿಂಕಿನ ಮುಸುರಿ ನೀರು ನನ್ನ ದೇವರ ಜಗಲಿಗಿ ಬಂದದ. ಗ್ವಾಡಿ ಹಸಿ ಆಗಿ ಸುಣ್ಣ ಉದುರಾಕತ್ತದ. ಯುಗಾದಿ ಅಮಾಸಿ ಒಳಗ ಮನಿ ಖಾಲಿ ಮಾಡು," ಎಂದ.

ಮುಸುರೆ ಎನ್ನುವಾಗ ಆತ ಇನ್ನೊಂದು ಮಾತನ್ನು ಬಾಯೊಳಗೇ ನುಂಗಿದ. ನುಂಗಿದ್ದು ನನಗೆ ಕೇಳಿಸಿತು. ನನ್ನ ಹುಟ್ಟೂರು ಕೊಂಕಲ್ಲಿನಲ್ಲಿ ಊರ ಹೊರಗಿನ ನಮ್ಮ ಓಣಿಯಲ್ಲಿ ಹುಟ್ಟಿದವರಿಗೆ ಆಡಿದ ಮಾತಿಗಿಂತ ನುಂಗಿದ ಮಾತೇ ಮೊದಲು ಕೇಳಿಸುತ್ತದೆ. ನನ್ನ ಮೈಯೆಲ್ಲ ಉರಿಯಿತು. ಕೈಯಲ್ಲಿ ಪಲ್ಯದ ಸೌಟಿತ್ತು, ಅದನ್ನು ಬೋಗುಣಿಯಲ್ಲೇ ಇಟ್ಟೆ.

"ನಾ ಎಲ್ಲೂ ಹೋಗಂಗಿಲ್ರಿ," ಎಂದೆ.

"ಮನಿ ನಂದು."

"ಮನಿ ನಿಮ್ದು, ಇಲ್ಲ ಅಂದೋರ್ಯಾರು? ನೀರು ಸೋರಾಕತ್ತಿದ್ರ ನೀರು ನಿಲ್ಲಸೋಣ. ನನ್ನನ್ಯಾಕ ಹೊರಗ ಹಾಕ್ತೀರಿ?"

ಆತ ತಿರುಗಿ ನಡೆದ. ಕಾಲುವೆ ಆಫೀಸಿನ ಗುಮಾಸ್ತ ಖಂಡಪ್ಪ ತಾಟಿನ ಮೇಲೆ ಕೈ ಹಿಡಿದುಕೊಂಡು ಕುಳಿತಿದ್ದ. ಈ ಮನೆ ನನಗೆ ಕೊಡಿಸಿದವನೇ ಅವನು. "ಯಕ್ಕಾ, ಬ್ಯಾರೆ ಮನಿ ನೋಡಾಣು?" ಎಂದು ಮೆಲ್ಲಗೆ ಕೇಳಿದ. ಅವನಿಗೂ ಗೊತ್ತು, ನನಗೂ ಗೊತ್ತು. ಭೀಮರಾಯನಗುಡಿಯಲ್ಲಿ ನಾನು ಮನೆ ಹುಡುಕದ ಓಣಿಯಿಲ್ಲ. ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ, ಊರಲ್ಲಿ ಯಾವ ಓಣಿ ಎಂದು ಕೇಳುತ್ತಾರೆ. ಆಮೇಲೆ ನಿನ್ನೆಯೇ ಬೇರೆಯವರಿಗೆ ಮಾತು ಕೊಟ್ಟುಬಿಟ್ಟೆವಲ್ಲಾ ಎನ್ನುತ್ತಾರೆ. ಇಲ್ಲಿ ನನ್ನ ಒಲೆ ಆರಿದರೆ ಈ ಕಾಲುವೆ ಕ್ಯಾಂಪಿನಲ್ಲಿ ಇನ್ನೊಂದು ಕಡೆ ಹೊತ್ತುವುದಿಲ್ಲ. ನನ್ನ ರೊಟ್ಟಿ ತಿನ್ನಲು ಕೃಷಿ ಕಾಲೇಜಿನ ಹುಡುಗರು ಬರುತ್ತಾರೆ, ಆಫೀಸಿನವರು ಬರುತ್ತಾರೆ, ಹೊಗಳಿ ಹೋಗುತ್ತಾರೆ. ಹೊಗಳುವವರು ಯಾರೂ ಮನೆ ಕೊಡುವವರಲ್ಲ.

ಮೇಸ್ತ್ರಿಯದು ಒಂದೇ ಕಟ್ಟಡ, ನಡುವೆ ಒಂದು ಗೋಡೆ. ರಸ್ತೆ ಕಡೆಯ ಅರ್ಧ ನನ್ನದು, ಹಿಂದಿನ ಅರ್ಧದಲ್ಲಿ ಆತ ಮತ್ತು ಆತನ ಹೆಂಡತಿ ಗೊಲ್ಲಾಳಮ್ಮ. ಆ ಗೋಡೆಯ ಈ ಮಗ್ಗುಲಿಗೆ ನನ್ನ ಅಡುಗೆ ಕಟ್ಟೆ, ಸಿಂಕು. ಆ ಮಗ್ಗುಲಿಗೆ ಅವರ ದೇವರ ಜಗಲಿ, ದೇವರನ್ನಿಟ್ಟ ಕಟ್ಟೆ. ಮನೆ ಕಟ್ಟಿದವನು ಆತನೇ. ಜಗಲಿಯ ಬೆನ್ನಿಗೆ ಮುಸುರೆ ತೊಳೆಯುವ ಜಾಗ ಮಾಡಿದವನೂ ಆತನೇ. ಆಗ ಯಾಕೆ ನೆನಪಾಗಲಿಲ್ಲವೋ ಆ ಶಿವನೇ ಬಲ್ಲ.

ಆತ ಜನ್ಮವೆಲ್ಲ ಕಾಲುವೆಗೆ ಕಾಂಕ್ರೀಟು ಹಾಕಿಸಿದ ಮೇಸ್ತ್ರಿ. ಕೆಲಸದಲ್ಲಿ ಕಳ್ಳತನವಿಲ್ಲ, ಅದನ್ನು ಶತ್ರುಗಳೂ ಒಪ್ಪುತ್ತಾರೆ. ಆದರೆ ಬಾಯಿ ತೆರೆದರೆ ಕಾಲುವೆ. "ಕೃಷ್ಣಾ ಹೊಳಿ ನೀರು ಹಿಡಿದ ಕೈ ಇದು," ಎಂದು ಎರಡೂ ಅಂಗೈ ತೋರಿಸುತ್ತಾನೆ. ಬಿಸಿಲಲ್ಲಿ ಹೊಸ ಕಾಂಕ್ರೀಟಿನ ಮೇಲೆ ಹಸಿ ಗೋಣಿತಟ್ಟು ಹಾಸಿ, ಹಗಲೂ ರಾತ್ರಿ ನೀರು ಹೊಡೆಸಿ, ಕೂಸನ್ನು ಕಾದಂತೆ ಕಾಯುತ್ತಿದ್ದನಂತೆ. "ನೀರು ಕುಡೀದ ಕಾಂಕ್ರೀಟು, ಹಾಲು ಕುಡೀದ ಕೂಸು, ಎರಡೂ ಒಂದಽ," ಎನ್ನುವುದು ಆತನ ಮಾತು. ಬಾಡಿಗೆಗೆಂದು ಬಂದಾಗಲೆಲ್ಲ ನಾನು ಈ ಪುರಾಣ ಕೇಳಿದ್ದೇನೆ.

ಅವತ್ತು ಮಧ್ಯಾಹ್ನ ಹಿತ್ತಲ ಕಡೆಯಿಂದ ಹೋಗಿ ಗೊಲ್ಲಾಳಮ್ಮನನ್ನು ಕೂಗಿದೆ. "ಯಕ್ಕಾ, ಖರೇನಽ ಹಸಿ ಆಗ್ಯಾದೇನ್ರಿ?"

"ಆಗ್ಯಾದವ್ವ," ಎಂದಳು ಆಕೆ. "ಕೈ ಇಟ್ರ ತಣ್ಣಗ ಹತ್ತತದ." ಒಳಗೆ ಬಾ, ನೋಡು ಎನ್ನಲಿಲ್ಲ.

ಹಿಂದೆಯೇ ಮೇಸ್ತ್ರಿ ಬಂದ. ಸಿಂಕಿನ ಸುತ್ತ ಸಂದಿ ಮುಚ್ಚಲು ಹಚ್ಚಿದ ರಬ್ಬರಿನಂಥ ಸಿಲಿಕಾನ್ ಪಟ್ಟಿ ಕೆಟ್ಟಿರಬೇಕು, ಕಪ್ಪಗಾಗಿದೆ, ಅದನ್ನು ಹೊಸದಾಗಿ ಹಚ್ಚಿಸೋಣ ಎಂದೆ. ಆತನಿಗೆ ಸಿಟ್ಟೇ ಬಂತು.

"ಅದು ನನ್ನ ಕೈಲೆ ಹಚ್ಚಿದ್ದು. ನನ್ನ ಕೆಲಸ ಕೆಟ್ಟಿದ್ದು ಯಾವತ್ತರ ಕೇಳೀಯೇನು? ನೀ ನಾರು ತಗೊಂಡು ತಿಕ್ಕಿ ತಿಕ್ಕಿ ಹಾಳ ಮಾಡೀದಿ."

"ತಿಕ್ಕದ ಇದ್ರ ಹೊಲಸು ಅಂತೀರಿ, ತಿಕ್ಕಿದ್ರ ಹಾಳು ಅಂತೀರಿ. ನಾ ಏನ್ ಮಾಡ್ಲಿ?"

"ಏನರ ಮಾಡು. ಅಮಾಸಿ ಮಾತ್ರ ಮುಂದ ಹೋಗಂಗಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕ್ಯಾಂಪಿನಲ್ಲಿ ನಲ್ಲಿ ರಿಪೇರಿ ಮಾಡುವವನು ಒಬ್ಬನೇ, ಅವನೂ ಮೇಸ್ತ್ರಿಯ ಕೈಕೆಳಗೆ ಕಲಿತವನು. ಕೇಳಿದರೆ ತಲೆ ಕೆರೆದುಕೊಂಡು, "ಅಮಾಸಿ ಆದಮ್ಯಾಲ ಬರ್ತೀನ್ರಿ ಯಕ್ಕಾ," ಎಂದ. ಅಮಾವಾಸ್ಯೆ ಆದ ಮೇಲೆ ನೀನು ಬಂದು ಯಾರ ಮನೆಯ ಸಿಂಕಿಗೆ ಹಚ್ಚುತ್ತೀಯೋ ಎಂದು ಬೈದು, ಶಹಾಪುರದ ಬಸ್ಸು ಹತ್ತಿದೆ.

ಶಹಾಪುರದಲ್ಲಿ ಚಾಂದಪಾಶಾನ ಅಂಗಡಿ ನನಗೆ ಗೊತ್ತು. ನಲ್ಲಿ, ಪೈಪು, ಬೇಸಿನ್ ಎಲ್ಲ ಮಾರುತ್ತಾನೆ. ಸಂತೆಗೆ ಹೋದಾಗ ಅವನ ಹೆಂಡತಿಗೆ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಕೊಟ್ಟುಬರುವಷ್ಟು ಬಳಕೆ. ನಾನೇ ಹಚ್ಚುತ್ತೇನೆ, ಹೇಳಿಕೊಡು ಎಂದಾಗ ನಗಲಿಲ್ಲ. ಸಿಲಿಕಾನ್ ನಳಿಗೆಯನ್ನು ಅದನ್ನು ಒತ್ತಿ ಹೊರಡಿಸುವ ಗನ್ನಿಗೆ ಹಾಕಿ, ಹಳೆಯ ರಟ್ಟಿನ ಮೇಲೆ ಒಂದು ಗೆರೆ ಎಳೆದು ತೋರಿಸಿದ.

"ಹಳೇದು ಚೂರೂ ಉಳೀಬಾರದು, ಬ್ಲೇಡಿಲೆ ಕೆರದು ತೆಗೀರಿ. ಜಾಗ ಪೂರಾ ಒಣಗಬೇಕು. ಸ್ಪಿರಿಟ್ ಹಚ್ಚಿ ಜಿಡ್ಡು ಒರಸ್ರಿ. ಆಮ್ಯಾಲ ಹಚ್ರಿ," ಎಂದ. ನಳಿಗೆ, ಗನ್ನು ಕೊಂಡು ನಾನು ಹೊರಟಾಗ ಮತ್ತೆ ಕೂಗಿದ. "ಯಕ್ಕಾ, ಇದು ಸಿಮೆಂಟಲ್ಲ. ಹಸಿ ಇದ್ದಲ್ಲಿ ಹಿಡಿಯಂಗಿಲ್ಲ. ಹಚ್ಚಿದ ಮ್ಯಾಲ ಒಂದು ದಿನ ನೀರಿನ ಮಾರಿ ತೋರಿಸಬ್ಯಾಡ್ರಿ."

ಐತವಾರ ಖಾನಾವಳಿ ರಜೆ. ಊಟದವರು ಯಾರೂ ಇಲ್ಲದ ಮಧ್ಯಾಹ್ನ, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬ್ಲೇಡು ಹಿಡಿದು ಕುಳಿತೆ. ಕೆರೆದು ಕೆರೆದು ಕೈ ಸೋಲಬೇಕು ಎಂದುಕೊಂಡಿದ್ದೆ. ಮೂಲೆಯಲ್ಲಿ ಬ್ಲೇಡಿನ ತುದಿ ಹಾಕಿ ಎತ್ತಿದರೆ, ಪಟ್ಟಿ ತಾನಾಗಿಯೇ ಎದ್ದು ಬಂತು. ಹಿಡಿದು ಎಳೆದೆ. ಹಾವಿನ ಪೊರೆಯಂತೆ ಉದ್ದಕ್ಕೆ, ಒಂದೇ ತುಂಡಾಗಿ, ಸಿಂಕಿನ ಸುತ್ತಲಿನದೆಲ್ಲ ನನ್ನ ಕೈಗೆ ಬಂದುಬಿಟ್ಟಿತು. ಅದರ ಬೆನ್ನಿಗೆ ಕಲ್ಲಿನ ಒಂದು ಕಣವೂ ಅಂಟಿರಲಿಲ್ಲ. ನುಣ್ಣಗಿತ್ತು, ಒದ್ದೆಯಾಗಿತ್ತು. ಇಷ್ಟು ವರ್ಷ ಅದು ಅಲ್ಲಿ ಸುಮ್ಮನೆ ಕುಳಿತಿತ್ತು ಅಷ್ಟೇ, ಹಿಡಿದೇ ಇರಲಿಲ್ಲ.

ಪಟ್ಟಿಯನ್ನು ಬೀಸಿ ಮೂಲೆಗೆ ಎಸೆದೆ. ಅದು ಜೋಳದ ಗೋಣಿಚೀಲದ ಮೇಲೆ ಬಿತ್ತು. ಬಿದ್ದಲ್ಲೇ ನನ್ನ ಕಣ್ಣು ನಿಂತಿತು. ಆ ಪಟ್ಟಿಯ ಮೇಲ್ಮೈಯಲ್ಲಿ ಸಣ್ಣ ಸಣ್ಣ ಚೌಕದ ಗೆರೆಗಳಿದ್ದವು. ಮನೆಗೆ ಬಂದ ದಿನದಿಂದ ನೋಡಿದ್ದೆ. ಅಂಗಡಿಯಿಂದಲೇ ಬಂದ ಡಿಸೈನು ಇರಬೇಕು ಎಂದು ತಿಳಿದಿದ್ದೆ, ಗೆರೆಯ ಸಂದಿಯಲ್ಲಿ ಕೂತ ಕಪ್ಪು ಹೋಗಲೆಂದೇ ನಾರು ಹಾಕಿ ತಿಕ್ಕುತ್ತಿದ್ದೆ. ಈಗ ಜೋಳದ ಚೀಲದ ಮೇಲೆ ಇಟ್ಟು ನೋಡಿದರೆ, ಚೀಲದ ನೇಯ್ಗೆ ಮತ್ತು ಪಟ್ಟಿಯ ಗೆರೆ ಎರಡೂ ಒಂದೇ. ಗೋಣಿತಟ್ಟಿನ ಗುರುತು ಅದು.

ಅಲ್ಲೇ ನೆಲದ ಮೇಲೆ ಕುಳಿತು ನಕ್ಕೆ. ಹಚ್ಚಿದ ಕೂಡಲೇ ಪುಣ್ಯಾತ್ಮ ಅದರ ಮೇಲೆ ಹಸಿ ತಟ್ಟು ಹಾಸಿದ್ದಾನೆ. ಹಾಸಿ, ನೀರು ಹೊಡೆದು, ಕಾಲುವೆಯ ದಂಡೆಯ ಹಾಗೆ ಕಾದಿದ್ದಾನೆ. ಮುಸುರೆ ತೊಳೆಯುವ ಸಿಂಕಿಗೆ ಕೃಷ್ಣಾ ಕಾಲುವೆಯ ಮರ್ಯಾದೆ. ನಕ್ಕು ಮುಗಿದ ಮೇಲೆ ಸಿಟ್ಟು ಬಂತು. ಇವನ ತಪ್ಪಿಗೆ ನನ್ನ ಒಲೆ ಆರಬೇಕಂತೆ. ಇವನ ತಪ್ಪಿಗೆ ಊಟಕ್ಕೆ ಕುಳಿತವರ ಮುಂದೆ ನನ್ನ ಎಂಜಲು, ನನ್ನ ಹುಟ್ಟು ಎರಡನ್ನೂ ಒಂದೇ ಮಾತಿನಲ್ಲಿ ಬೀದಿಗೆ ಹಾಕಿದನಲ್ಲ. ಆಗಲೇ ಪಟ್ಟಿ ಹಿಡಿದು ಹಿತ್ತಲಿಗೆ ಓಡಬೇಕೆನಿಸಿತು. ಬೇಡ, ಮೊದಲು ಕೆಲಸ ಮುಗಿಯಲಿ ಎಂದು ನನಗೆ ನಾನೇ ಹೇಳಿಕೊಂಡು, ಅದನ್ನು ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದೆ.

ಚೈತ್ರದ ಮುಂಚಿನ ಬಿಸಿಲು ನಮ್ಮ ಕಡೆ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಬಾಗಿಲು, ಕಿಟಕಿ ತೆರೆದಿಟ್ಟು ಸಂದಿಯನ್ನು ಒಣಗಲು ಬಿಟ್ಟೆ. ಸೋಮವಾರ ಊಟದವರು ಎದ್ದ ಮೇಲೆ ಸ್ಪಿರಿಟ್ ಹಚ್ಚಿ ಒರೆಸಿ, ಗನ್ನು ಹಿಡಿದೆ. ಮೊದಲ ಗೆರೆ ಸೊಟ್ಟಗೆ ಹೋಯಿತು. ಒರೆಸಿ ತೆಗೆದು ಮತ್ತೆ ಎಳೆದೆ. ಬೆರಳಿಂದ ಸವರುವುದು ಮಾತ್ರ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ರೊಟ್ಟಿ ಬಡಿಯುವಾಗ ಅಂಚು ಸೀಳಿದರೆ ಬೆರಳಿಂದ ಸವರಿ ಕೂಡಿಸುತ್ತೇವಲ್ಲ, ಅದೇ ಕೈ, ಅದೇ ಒತ್ತು. ಅಲ್ಲಲ್ಲಿ ದಪ್ಪವಾಯಿತು, ಒಂದು ಮೂಲೆಯಲ್ಲಿ ಉಬ್ಬಿತು. ಚೆಂದ ಕಾಣದಿದ್ದರೂ ಎಲ್ಲೂ ಸಂದಿ ಉಳಿಯಲಿಲ್ಲ. ಸಿಂಕಿನ ಮೇಲೆ ಹಲಗೆ ಮುಚ್ಚಿ, ಪಾತ್ರೆಯೆಲ್ಲ ಹಿತ್ತಲಿಗೆ ಹೊತ್ತು ಅಲ್ಲೇ ತೊಳೆದೆ. ಯಾಕೆಂದು ಕೇಳಿದ ಗೊಲ್ಲಾಳಮ್ಮನಿಗೆ ಸಂಗತಿ ಹೇಳಿದೆ.

ಮರುದಿನ ಮುಂಜಾನೆ ಆಫೀಸಿನ ನಾಲ್ಕಾರು ಜನ ಉಪ್ಪಿಟ್ಟಿಗೆ ಕುಳಿತಿದ್ದರು. ನಾನು ಮಧ್ಯಾಹ್ನದ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಮೇಸ್ತ್ರಿ ಬಂದ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ನೇರ ಒಳಗೆ ನುಗ್ಗಿದ. ಕೈಯಲ್ಲಿ ಗೋಣಿತಟ್ಟು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತೆ.

"ಸರಿ ಅತ್ತಾಗ," ಎಂದ. "ಹಚ್ಚಿ ಹಂಗಽ ಬಿಟ್ಟೀಯಂತ, ನಮ್ಮಾಕಿ ಹೇಳಿದ್ಲು. ನೀರು ಕುಡಿಸಲಿಲ್ಲ ಅಂದ್ರ ಬಿಸಿಲಿಗಿ ಸೀಳಿ ಹೋಗತದ ಅದು."

ಒಂದು ಮಾತು ಹೇಳಬೇಕು. ಆತ ನನ್ನ ಕೆಲಸ ಕೆಡಿಸಲೆಂದು ಬಂದಿರಲಿಲ್ಲ. ಓಡಿಸಬೇಕೆಂದಿದ್ದ ಬಾಡಿಗೆಯವಳೇ ಆದರೂ, ನೀರು ಕಾಣದೆ ಒಂದು ಕೆಲಸ ಒಣಗುತ್ತಿದೆ ಎಂದರೆ ಆತನ ಜೀವ ತಡೆಯಲಿಲ್ಲ. ಮುಖದಲ್ಲಿ ನಿಜವಾದ ಕಳವಳವಿತ್ತು. ಅದು ಕಂಡು ನನ್ನ ಸಿಟ್ಟು ಇಳಿಯಲಿಲ್ಲ, ಏರಿತು.

"ಒಂದು ಹನಿ ಒಳಗ ಬಿದ್ದರ ನೋಡ್ರಿ ಮತ್ತ," ಎಂದೆ. ಕೈ ತುಂಬ ಹಿಟ್ಟು ಮೆತ್ತಿತ್ತು. ಆ ಕೈಯನ್ನೇ ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಚಾಚಿದೆ.

"ನನ್ನ ಮನ್ಯಾಗ ನನಗಽ ಅಡ್ಡ ನಿಂದರ್ತೀಯೇನು?"

"ನಿಂದರ್ತೀನಿ. ಮುಟ್ಟಿ ಹೋಗೋದಿದ್ರ ಹೋಗ್ರಿ."

ಆತ ಮುಂದಿಟ್ಟ ಹೆಜ್ಜೆ ಹಿಂದೆ ತೆಗೆದ. ಮುಟ್ಟುವುದು ಎಂಬ ಮಾತಿಗೆ ಕುಳಿತವರೆಲ್ಲ ತಲೆ ಎತ್ತಿದ್ದರು. ನಾನು ಮೊಳೆಗೆ ಸಿಕ್ಕಿಸಿದ್ದ ಹಳೆಯ ಪಟ್ಟಿ ತೆಗೆದು, ಆತನ ಕೈಯಲ್ಲಿದ್ದ ಹಸಿ ತಟ್ಟಿನ ಮೇಲೆಯೇ ಹಾಸಿದೆ.

"ಇದು ನೀವು ಹಚ್ಚಿದ್ದು. ಬ್ಲೇಡು ಮುಟ್ಟಿಸೂದ್ರಾಗ ಒಂದಽ ತುಂಡಾಗಿ ಎದ್ದು ಬಂತು. ಮ್ಯಾಲಿನ ಗೆರಿ ನೋಡ್ರಿ. ಯಾರ ತಟ್ಟಿಂದು ಇದು?"

ಖಂಡಪ್ಪ ಉಪ್ಪಿಟ್ಟಿನ ತಾಟು ಬಿಟ್ಟು ಎದ್ದು ಬಂದು ಬಗ್ಗಿ ನೋಡಿದ. ಉಳಿದವರೂ ಬಂದರು. ಮೇಸ್ತ್ರಿ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದ. ಆತನ ಮುಖ ಅರಳಿತು, ತನ್ನ ಕೈಕೆಲಸದ ಗುರುತು ಸಿಕ್ಕವನ ಹಾಗೆ.

"ನಂದಽ," ಎಂದ. "ಮ್ಯಾಲ ತಟ್ಟು ಹಾಸಿ ಎಂಟು ದಿನ ನೀರು ಹೊಡದೀನಿ. ಹಚ್ಚೂಕಿಂತ ಮೊದ್ಲಽ ಆ ಸಂದಿಗಿ ಒಂದು ಕೊಡ ನೀರು ಕುಡಿಸಿದ್ದೆ. ಕೆಲಸ ಅಂದ್ರ ಹಂಗ ಮಾಡಬೇಕು."

"ಅದಕ್ಕಽ ಅದು ಹಿಡೀಲಿಲ್ಲ. ಒಂದು ದಿನಾನೂ ಹಿಡಿದಿಲ್ಲ. ಇದು ಕಾಲುವಿ ಅಲ್ಲ ಮೇಸ್ತ್ರಿಯವರ, ಇದಕ್ಕ ನೀರೇ ವೈರಿ. ನಾ ಬರೂಕಿಂತ ಮೊದಲಿಂದ ಆ ಗ್ವಾಡಿ ನೀರು ಕುಡಿಯಾಕತ್ತದ."

"ಅಂಗಡ್ಯಾವ ಅವತ್ತಽ ಹೇಳಿದ್ದ," ಎಂದು ಹಿಂದಿನಿಂದ ದನಿ ಬಂತು. ಅಡುಗೆಮನೆಯಿಂದ ಹಿತ್ತಲಿಗೆ ಹೋಗುವ ಪಕ್ಕದ ಬಾಗಿಲಲ್ಲಿ ಗೊಲ್ಲಾಳಮ್ಮ ನಿಂತಿದ್ದಳು. ಗಂಡನ ಮುಂದೆ ಆಕೆ ಜನರೆದುರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ನೀರು ತೋರಿಸಬ್ಯಾಡ್ರಿ ಅಂದಿದ್ದ. ನಾನೂ ಅಂದೆ. ನಿನಗೇನು ತಿಳೀತದ ಅಂದ್ರಿ."

ಮೇಸ್ತ್ರಿ ಹೆಂಡತಿಯನ್ನು ನೋಡಿದ, ಪಟ್ಟಿಯನ್ನು ನೋಡಿದ. ತಟ್ಟಿನಿಂದ ನೀರು ಆತನ ಪಾದದ ಮೇಲೆ ಬೀಳುತ್ತಿತ್ತು. "ಅಮಾಸಿ ಅಂದ್ರ ಅಮಾಸಿ," ಎಂದು ಗೊಣಗಿ, ತಟ್ಟನ್ನು ಅಲ್ಲೇ ನೆಲಕ್ಕೆ ಹಾಕಿ ಹೋದ. ನಾನು ಅದನ್ನು ಹಿಂಡಿ ಒಣಗಿಸಿ, ಬಂದವರು ಕಾಲು ಒರೆಸಿಕೊಳ್ಳಲಿ ಎಂದು ಹೊಸ್ತಿಲ ಹೊರಗೆ ಹಾಸಿದೆ. ಪಟ್ಟಿಯನ್ನು ಮುಂಬಾಗಿಲ ಮೇಲಿನ ಮೊಳೆಗೆ ತೂಗು ಹಾಕಿದೆ.

ಬಾಯಿಗೆ ಬಂದಂತೆ ಆಡಿದೆನಾದರೂ ಆ ದಿನಗಳು ನನಗೆ ಸುಲಭವಾಗಿರಲಿಲ್ಲ. ಸಿಂಕಿನಲ್ಲಿ ನೀರು ಬಿಟ್ಟಾಗಲೆಲ್ಲ ಅಂಚಿನ ಸುತ್ತ ಕೈ ಆಡಿಸುತ್ತಿದ್ದೆ. ನನ್ನ ಕಡೆ ಒಣಗಿತ್ತು. ಆ ಕಡೆ ಏನಾಗಿದೆಯೋ ಕಾಣದು. ಹಳೆಯ ನೀರು ಗೋಡೆಯ ಹೊಟ್ಟೆಯಲ್ಲೇ ಉಳಿದು, ಅಮಾವಾಸ್ಯೆಯ ದಿನವೂ ಹಸಿಯಾಗಿದ್ದರೆ? ನಾನು ಸರಿ ಎಂದು ಸಾಧಿಸಿಯೂ ಗಂಟುಮೂಟೆ ಕಟ್ಟಬೇಕಾದೀತು. ಕಟ್ಟುವುದಿಲ್ಲ, ಪಾತ್ರೆ ಹೊರಗೆ ಎಸೆದರೆ ರಸ್ತೆಯಲ್ಲೇ ಒಲೆ ಹೂಡುತ್ತೇನೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಆದರೂ ಹಿಟ್ಟು ನಾದುವಾಗ ಕೈ ಒಮ್ಮೊಮ್ಮೆ ತಾನಾಗಿಯೇ ನಿಲ್ಲುತ್ತಿತ್ತು.

ಅಮಾವಾಸ್ಯೆಯ ದಿನ ಗೊಲ್ಲಾಳಮ್ಮ ಬಂದು ಕರೆದಳು. "ಬಾ, ನೀನಽ ನೋಡು."

ಹಿತ್ತಲಿನಿಂದಲ್ಲ, ಮುಂದಿನ ಬಾಗಿಲಿನಿಂದ ಒಳಗೆ ಕರೆದೊಯ್ದಳು. ಅವರ ಜಗಲಿಯ ಮುಂದೆ ನಾನು ನಿಂತದ್ದು ಅದೇ ಮೊದಲು. ಮೇಸ್ತ್ರಿ ಗೋಡೆಗೆ ಅಂಗೈ ಊರಿ ನಿಂತಿದ್ದ. ಸುಣ್ಣ ಉದುರಿದ ಜಾಗದಲ್ಲಿ ಬಿಳಿ ಉಪ್ಪು ಎದ್ದಿತ್ತು. ಆತ ಉಗುರಿಂದ ಕೆರೆದಾಗ ಪುಡಿ ಉದುರಿತು.

"ಒಣಗ್ಯಾದ," ಎಂದ. ನನ್ನ ಕಡೆ ನೋಡದೆಯೇ, "ಇರು ಹಂಗಾರ," ಎಂದ.

ಒಳಗೆ ಎಂಥ ನೆಮ್ಮದಿ ಆಯಿತೆಂದು ಹೇಳಲಾರೆ. ಆದರೆ ಆತ ಆ ಮಾತನ್ನು ಭಿಕ್ಷೆ ಹಾಕಿದಂತೆ ಹೇಳಿದ್ದ. ಸುಮ್ಮನೆ ಕೈಮುಗಿದು ಬರುವವಳಾಗಿದ್ದರೆ ನಾನು ಕೊಂಕಲ್ಲು ಬಿಟ್ಟು ಇಲ್ಲಿಗೆ ಯಾಕೆ ಬರುತ್ತಿದ್ದೆ?

"ಇರ್ತೀನಿ ಅಂತ ನಾ ಅವತ್ತಽ ಹೇಳೀನ್ರಿ," ಎಂದೆ. "ಅದಾತು. ಮುಸುರಿ ಮಾತು ನೀವು ಇಲ್ಲಿ ಆಡಿಲ್ಲ. ನನ್ನ ಬಾಗಲದಾಗ ನಿಂತು, ಉಣ್ಣೋರ ಮುಂದ ಆಡೀರಿ. ಅಲ್ಲೇ ಬಂದು ತಿರುಗಿ ತಗೋರಿ."

"ಹುಚ್ಚಿ ಅದೀಯೇನು? ಮನಿ ಬಿಟ್ಟು ಕೊಟ್ಟೀನಿ, ಇನ್ನೇನು ಬೇಕು?"

"ಮನಿ ಬಿಟ್ಟು ಕೊಟ್ಟಿಲ್ಲ. ನಿಮ್ಮ ತಪ್ಪು ನನ್ನ ಮ್ಯಾಲ ಹಾಕಿದ್ರಿ, ಅದನ್ನ ತೆಗದೀರಿ, ಅಷ್ಟಽ. ಅದೂ ನಾಲ್ಕು ಗ್ವಾಡಿ ಒಳಗ."

ಆತ ತಿರುಗಿ ನಿಂತ. ನಾನು ಬಂದುಬಿಟ್ಟೆ.

ಯುಗಾದಿ ಕಳೆಯಿತು. ಆತ ಬರಲಿಲ್ಲ. ಹೋಗಲಿ ಬಿಡು ಯಕ್ಕಾ, ಮನೆ ಉಳಿಯಿತಲ್ಲ ಎಂದು ಖಂಡಪ್ಪ ಎಂದ. ಬಿಡುವುದು ನಿನಗೆ ಸುಲಭ, ನಿನಗೆ ಯಾರೂ ಮುಸುರೆ ಎನ್ನಲಿಲ್ಲ ಎಂದೆ. ಅವನೂ ನಮ್ಮ ಪೈಕಿಯವನೇ, ತಲೆ ತಗ್ಗಿಸಿದ.

ಹಬ್ಬವಾದ ಮೇಲಿನ ಸೋಮವಾರ, ಸರಿಯಾಗಿ ಊಟದ ಹೊತ್ತಿಗೆ, ಖಾನಾವಳಿ ತುಂಬಿದ್ದಾಗ ಮೇಸ್ತ್ರಿ ಬಂದ. ಹೊಸ್ತಿಲ ಹೊರಗಿನ ತನ್ನ ತಟ್ಟಿಗೆ ಕಾಲು ಒರೆಸಿದ. ಬಾಗಿಲ ಮೇಲೆ ತೂಗುತ್ತಿದ್ದ ಪಟ್ಟಿ ತಲೆಗೆ ತಾಕೀತೆಂದು ಬಗ್ಗಿದ. ಹುಡುಗರ ಪಕ್ಕದಲ್ಲಿ ಖಾಲಿಯಿದ್ದ ಜಾಗದಲ್ಲಿ ಕುಳಿತ.

"ಊಟಕ್ಕ ನೀಡು," ಎಂದ.

ನಾನು ತಾಟಿನಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಹಿಂಡಿ ಹಾಕಿ ಮುಂದಿಟ್ಟೆ. ಆತ ರೊಟ್ಟಿ ಮುರಿದ. ತುತ್ತು ಬಾಯಿಗೆ ಹೋಗುವ ಮೊದಲು ಒಂದು ಗಳಿಗೆ ಕೈ ನಿಂತಿತು. ಆಮೇಲೆ ತಿಂದ. ಎರಡನೆಯ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡ. ಮುಗಿಸಿ, ತಾಟಿನಲ್ಲಿ ಕೈ ತೊಳೆಯದೆ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದ. ನಾನು ಅಡ್ಡ ನಿಲ್ಲಲಿಲ್ಲ, ಸರಿದು ದಾರಿ ಕೊಟ್ಟೆ. ಸಿಂಕಿನ ನಲ್ಲಿ ಬಿಟ್ಟು ಎಂಜಲು ಕೈ ತೊಳೆದ. ನಾನು ಹಚ್ಚಿದ ಅಂಚಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದ. ಉಬ್ಬಿದ ಮೂಲೆಯಲ್ಲಿ ಎರಡು ಸಲ ಒತ್ತಿದ.

"ನೀರು ಕುಡಿಸಿದ್ರ ಇನ್ನಾ ಗಟ್ಟಿ ಆಗ್ತಿತ್ತು," ಎಂದು ತನ್ನಷ್ಟಕ್ಕೆ ಅಂದುಕೊಂಡ.

ಹೊರಗೆ ಬಂದು, ಉಣ್ಣುತ್ತಿದ್ದವರ ನಡುವೆ ನಿಂತ. "ಗ್ವಾಡಿ ಕೆಟ್ಟಿದ್ದು ನನ್ನ ಕೈಲೆ. ಆಕಿ ತಪ್ಪಲ್ಲ. ಅವತ್ತು ನಾ ಆಡಬಾರದ ಮಾತು ಆಡ್ದೆ," ಎಂದ. ಕಾಲುವೆಯ ಮೇಲೆ ಕೂಲಿಗಳಿಗೆ ಕೂಗಿ ಹೇಳುತ್ತಿದ್ದ ದನಿಯೇ ಇರಬೇಕು ಅದು, ರಸ್ತೆಯಲ್ಲಿ ಹೋಗುವವರಿಗೂ ಕೇಳಿಸಿತು. ಬಾಗಿಲಿಗೆ ಹೋದವನು ಮೊಳೆಯತ್ತ ಕೈ ತೋರಿಸಿದ. "ಹೇಳೀನಲ್ಲ. ಇನ್ನರ ಇದನ್ನ ತೆಗಿ."

"ತೆಗಿಯಂಗಿಲ್ರಿ," ಎಂದೆ.

"ಯಾಕ?"

"ಮುಂದ ಯಾವತ್ತರ ಗ್ವಾಡಿ ಹಸಿ ಆದ್ರ, ಯಾರ ಮುಸುರಿ ಅಂತ ಕೇಳೂಕಿಂತ ಮೊದ್ಲ ನೀವು ಇದನ್ನ ನೋಡಬೇಕು. ಈಗ ಆ ಸಿಂಕಿನಾಗ ನಿಮ್ಮ ಮುಸುರೀನೂ ಹೋಗ್ಯಾದ."

ಆತ ಪಟ್ಟಿಯನ್ನು ಇನ್ನೊಮ್ಮೆ ನೋಡಿದ. ಚಪ್ಪಲಿ ಮೆಟ್ಟಿ ಹೋದ. ಪಟ್ಟಿ ಇವತ್ತಿಗೂ ಅದೇ ಮೊಳೆಗಿದೆ. ಬಾಡಿಗೆಗೆಂದು ಬಂದಾಗಲೆಲ್ಲ ಮೇಸ್ತ್ರಿ ಅದರ ಕೆಳಗೆ ಬಗ್ಗಿಯೇ ಒಳಗೆ ಬರುತ್ತಾನೆ.